ಅರ್ಧ ಇಂಚಿನ ಮರ್ಯಾದೆ

"ಫಿಟರ್, ಲಗೂನ ಬಾ" ಎಂದು ಕರೆದರೆಂದು ಮಚ್ಛೆಯ ನಮ್ಮ ಕಾರ್ಖಾನೆಯ ಆಫೀಸಿಗೆ ಓಡಿದೆ. ಹೆಡ್ ಕ್ಲಾರ್ಕ್ ಸಾಹೇಬರು ಮಂಡಿಯೂರಿ, ಟೇಪು ಹಿಡಿದು ಜೂನಿಯರ್ ಕ್ಲಾರ್ಕನ ಕುರ್ಚಿ ಅಳೆಯುತ್ತಿದ್ದರು.

"ನನ್ನ ಕುರ್ಚಿಗಿಂತ ಇವಂದು ಅರ್ಧ ಇಂಚು ಎತ್ತರ ಐತಿ. ಕಾಲು ಕೊಯ್ದು ಹಾಕು."

"ಗಟ್ಟಿ ಕುರ್ಚಿ ಯಾಕ್ರೀ ಕೊಯ್ಲಿ? ನಿಮ್ಮದಕ್ಕ ಪೈಪ್ ತುಂಡು ವೆಲ್ಡಿಂಗ್ ಮಾಡ್ತೀನ್ರಿ" ಎಂದೆ.

"ಏಳನೇ ಇಯತ್ತಿಗೆ ಸಾಲಿ ಬಿಟ್ಟಾಂವ ನೀ. ಮರ್ಯಾದಿ ಅಂದ್ರ ನಿನಗೇನ್ ತಿಳೀತೈತಿ?" ಎಂದರು. ಆದರೂ ಮಾಡಿಸಿಕೊಂಡರು.

ಮರುದಿನ ಜೂನಿಯರ್ ತನ್ನದನ್ನು ಒಂದು ಇಂಚು ಏರಿಸಿಕೊಂಡ. ಆಮೇಲೆ ಸಾಹೇಬರು ಎರಡು. ಹೀಗೇ ಏರುತ್ತಾ ಹೋಗಿ ಈಗ ಇಬ್ಬರ ಕಾಲೂ ನೆಲ ಮುಟ್ಟುವುದಿಲ್ಲ. ಬಾಲವಾಡಿಯ ಮಕ್ಕಳಂತೆ ತೂಗಾಡುತ್ತವೆ.

ಖಾನಾಪುರದ ಮನೆಯಿಂದ ಕಟ್ಟಿಕೊಂಡು ಬಂದ ರೊಟ್ಟಿಯನ್ನು ನಾನು ಇಷ್ಟು ವರ್ಷ ಎಣ್ಣೆ ಡಬ್ಬದ ಮೇಲೆ ಕುಳಿತೇ ತಿಂದಿದ್ದೇನೆ. ಅದರ ಎತ್ತರ ಎಷ್ಟೆಂದು ಇಂದಿಗೂ ಅಳೆದಿಲ್ಲ.