ಮಿಸ್ಯೂ ಎಮಿಲ್ ಅವರ ಮೊಣಕಾಲು

ಚಿತ್ರದಲ್ಲಿರುವ ಮನುಷ್ಯ ನಿಲ್ಲುತ್ತಾನೋ ಬೀಳುತ್ತಾನೋ ಎಂಬುದೊಂದೇ ಮಿಸ್ಯೂ ಎಮಿಲ್ ಅವರಿಗೆ ಮುಖ್ಯ. ಮಾಂಟ್ರಿಯಲ್‌ನ ನಮ್ಮ ಕಲಾಶಾಲೆಯಲ್ಲಿ ಅವರು ಮಾಡೆಲ್. ಫ್ರೆಂಚ್ ಮಾತಿನ ಊರು, ಅಲ್ಲಿ ಶ್ರೀಯುತರೆಲ್ಲ ಮಿಸ್ಯೂ. ಎಪ್ಪತ್ತರ ಹತ್ತಿರದ ಮುದುಕ. ಮುಕ್ಕಾಲು ಗಂಟೆ ಮೈಮೇಲೆ ನೂಲೆಳೆಯಿಲ್ಲದೆ ಮರದ ಕಟ್ಟೆಯ ಮೇಲೆ ನಿಲ್ಲುವರು. ವಿರಾಮದಲ್ಲಿ ಹಳೇ ಕಂದು ಗೌನು ಸುತ್ತಿಕೊಂಡು, ಕಾಫಿ ಲೋಟ ಹಿಡಿದು, ಚಿತ್ರ ಆನಿಸಿಟ್ಟ ಒಬ್ಬೊಬ್ಬರ ಈಸೆಲ್ ಮುಂದೆಯೂ ಬಂದು ನಿಲ್ಲುವರು. ಮೂಗು ತಮ್ಮದನ್ನು ಹೋಲುತ್ತದೆಯೇ ಎಂದು ಒಮ್ಮೆಯೂ ನೋಡಿದವರಲ್ಲ. "ಇವನು ಬೀಳ್ತಾನೆ" ಎಂದು ಹೇಳಿ ಮುಂದಿನವರ ಹತ್ತಿರ ಹೋಗುವರು. ತೀರಾ ಖುಷಿಯಾದರೆ, "ಇವನು ನಿಂತಾನು, ಆದ್ರೆ ಗಾಳಿ ಬೀಸಬಾರದು" ಅನ್ನುವರು. ಮೂವತ್ತು ವರ್ಷ ಮನೆಗಳ ಚಾವಣಿ ರಿಪೇರಿ ಮಾಡಿ, ಚಳಿಗಾಲದಲ್ಲಿ ಅದರ ಮೇಲಿನ ಹಿಮ ಗೋರಿ ಬದುಕಿದ ಜೀವ ಅದು. ಒಂದು ಸಲ ಮೇಲಿನಿಂದ ಬಿದ್ದು ಬಲ ಮೊಣಕಾಲು ಕೆಟ್ಟ ಮೇಲೆ ಈ ಕೆಲಸಕ್ಕೆ ಬಂದಿದ್ದರು. ಬೀಳುವುದರ ಬಗ್ಗೆ ಅವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ನನಗಾಗ ಹತ್ತೊಂಬತ್ತು. ವರ್ಜೀನಿಯಾದ ಸ್ಟರ್ಲಿಂಗ್‌ನಲ್ಲಿ ನಮ್ಮವರ ಮಕ್ಕಳೆಲ್ಲ ಕಂಪ್ಯೂಟರ್ ಹಿಂದೆ ಬಿದ್ದಿದ್ದ ತೊಂಬತ್ತರ ದಶಕದಲ್ಲಿ ನಾನೊಬ್ಬಳು ಚಿತ್ರ ಬರೆಯುತ್ತೇನೆಂದು ಹಟ ಹಿಡಿದಿದ್ದೆ. ಅಪ್ಪ ಧಾರವಾಡದವರು, ಸೇತುವೆಗಳ ಎಂಜಿನಿಯರ್. ಅಳೆದು ನೋಡದೆ ಯಾವುದನ್ನೂ ನಂಬುವವರಲ್ಲ. "ಒಂದು ವರ್ಷ ಕೊಡ್ತೀನಿ. ಮೇ ತಿಂಗಳ ಪ್ರದರ್ಶನಕ್ಕ ಬಂದು ನೋಡ್ತೀನಿ. ಇದು ವಿದ್ಯಾ ಅಂತ ನನ್ನ ಕಣ್ಣಿಗೆ ಅನಿಸಿದ್ರ ಸರಿ, ಇಲ್ಲಾಂದ್ರ ಸಾಮಾನು ಕಟ್ಟು," ಎಂದು ಹೇಳಿ ಕಳಿಸಿದ್ದರು. ಬಟ್ಟೆಯಿಲ್ಲದ ಮನುಷ್ಯರನ್ನು ನೋಡಿ ಬರೆಯಬೇಕೆಂಬ ಸಂಗತಿ ಅವರಿಗಿರಲಿ, ನನಗೇ ಗೊತ್ತಿರಲಿಲ್ಲ.

ಮೊದಲ ದಿನ ಮಿಸ್ಯೂ ಎಮಿಲ್ ಗೌನು ಕಳಚಿದಾಗ ನಾನು ಮುಖ ಎತ್ತಲೇ ಇಲ್ಲ. ನಾಚಿಕೆ ಬಿಟ್ಟವರು ಊರಿಗೆ ದೊಡ್ಡವರು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಅಜ್ಜನ ವಯಸ್ಸಿನವರನ್ನು ಹಾಗೆ ನೋಡುವುದು ಹೇಗೆ? ತಲೆ, ಎದೆ ಬರೆದೆ. ಕೆಳಗೆ ನೀಟಾಗಿ ಒಂದು ಪಂಚೆ ಉಡಿಸಿಬಿಟ್ಟೆ. ಅಂಚು ಕೂಡ ಹಾಕಿದ್ದೆ. ವಿರಾಮದಲ್ಲಿ ಅವರು ಬಂದು ಬಹಳ ಹೊತ್ತು ನೋಡಿದರು. ಇದೇನೆಂದು ಕೇಳಿದರು. ನಮ್ಮ ಕಡೆಯ ಬಟ್ಟೆ ಎಂದೆ. "ಬಟ್ಟೆ ಚೆನ್ನಾಗಿದೆ. ಒಳಗೆ ಕಾಲೇ ಇಲ್ಲ, ಪಾಪ. ಬೀಳ್ತಾನೆ." ಕ್ಲಾಸಿಗೆ ಕ್ಲಾಸೇ ನಕ್ಕಿತು. ನನಗೆ ಅಳು ಬಂತು, ಆಮೇಲೆ ಸಿಟ್ಟು ಬಂತು. ಮರುದಿನದಿಂದ ಕಾಲುಗಳಿಂದಲೇ ಶುರು ಮಾಡಿದೆ.

ವಿರಾಮದ ನಂತರ ಅವರು ಅದೇ ಜಾಗದಲ್ಲಿ ನಿಲ್ಲಬೇಕಲ್ಲ, ಅದಕ್ಕೆ ಪಾದದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುವ ಕೆಲಸ ಹೊಸಬರದು. ನನ್ನ ಸರದಿ ಬಂದಾಗ ಕೈ ಅವರ ಪಾದಕ್ಕೆ ತಾಗಿತು. ತಾಗಿದ್ದೇ ತಡ, ಬೆರಳನ್ನು ಕಣ್ಣಿಗೊತ್ತಿಕೊಂಡೆ. ಹುಟ್ಟುಗುಣ, ಏನು ಮಾಡಲಿ. ಕಣ್ಣಿಗೆಲ್ಲ ಸುಣ್ಣದ ಪುಡಿ. ಇದೇನೆಂದು ಅವರು ಕೇಳಿದಾಗ ನನ್ನ ಹರಕು ಫ್ರೆಂಚಿನಲ್ಲಿ ವಿವರಿಸಿದೆ: ಹಿರಿಯರ ಕಾಲು ಮುಟ್ಟಿದರೆ ಹೀಗೆ ಮಾಡುತ್ತೇವೆ, ಹಿರಿಯರು ಆಶೀರ್ವಾದ ಮಾಡುತ್ತಾರೆ. ಅವರು ಗಂಭೀರವಾಗಿ ಯೋಚಿಸಿ, "ನಿನ್ನ ಬೂಟಿನೊಳಗೆ ಹಿಮ ಹೋಗದಿರಲಿ," ಅಂದರು. ಅಂದಿನಿಂದ ಸುಣ್ಣದ ಗೆರೆ ನನ್ನದೇ ಕೆಲಸವಾಯಿತು. ದಿನಕ್ಕೊಂದು ಹೊಸ ಆಶೀರ್ವಾದ: ನಿನ್ನ ಮೆಟ್ರೋ ತಪ್ಪದಿರಲಿ, ನೀನು ಚಿತ್ರ ಬರೆಯುವ ಇದ್ದಿಲು ಕಡ್ಡಿ ಮುರಿಯದಿರಲಿ, ಬೇಕರಿಯವಳಿಗೆ ನಿನ್ನ ಫ್ರೆಂಚ್ ಅರ್ಥವಾಗಲಿ.

ಆ ವರ್ಷ ಸುಖವಾಗಿದ್ದೆ. ನೆಲಮಾಳಿಗೆಯ ಒಂದು ಕೋಣೆ, ಬೆಳಿಗ್ಗೆ ಅಮ್ಮ ಕಳಿಸಿದ ಅವಲಕ್ಕಿ, ಮೆಟ್ರೋ, ಸಂಜೆಯವರೆಗೆ ಕ್ಲಾಸು, ಉಗುರಿನ ಸಂದಿಯಲ್ಲೆಲ್ಲ ಇದ್ದಿಲಿನ ಕಪ್ಪು. ಭಾನುವಾರ ಅಪ್ಪನ ಫೋನು. ಏನು ಕಲಿಸುತ್ತಿದ್ದಾರೆ ಎಂದು ಕೇಳಿದರೆ ಬಟ್ಟೆಯ ನೆರಿಗೆ, ಹೂದಾನಿ ಎಂದು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಮೇ ಹತ್ತಿರವಾದಂತೆ ಫೋನಿನಲ್ಲಿ ಹೂದಾನಿಗಳ ಮಾತು ಇನ್ನೂ ಹೆಚ್ಚಾಯಿತು. ಏಕೆಂದರೆ ಪ್ರದರ್ಶನಕ್ಕೆ ಮೇಷ್ಟ್ರು ಆರಿಸಿದ್ದು ಮಿಸ್ಯೂ ಎಮಿಲ್ ನಿಂತಿರುವ ಚಿತ್ರವನ್ನೇ, ಆಳೆತ್ತರದ್ದು.

ಅಪ್ಪ ಸ್ಟರ್ಲಿಂಗ್‌ನಿಂದ ಒಬ್ಬರೇ ಡ್ರೈವ್ ಮಾಡಿಕೊಂಡು ಬಂದರು. ನನ್ನ ಸಾಮಾನು ಹಿಡಿಯಲೆಂದು ವ್ಯಾನಿನ ಹಿಂದಿನ ಸೀಟುಗಳನ್ನು ಮನೆಯಲ್ಲೇ ಬಿಚ್ಚಿಟ್ಟು ಬಂದಿದ್ದರು. ಅದನ್ನು ಕಂಡಾಗಲೇ ನನ್ನ ಅರ್ಧ ಜೀವ ಹೋಯಿತು. ಚಿತ್ರದ ಮುಂದೆ ನಿಂತ ಅಪ್ಪನ ಮುಖ ಮೊದಲು ಕೆಂಪಾಯಿತು. ಗಂಟಲು ಸರಿ ಮಾಡಿಕೊಂಡು ಅತ್ತ ಇತ್ತ ನೋಡಿದರು. ಆಮೇಲೆ ಕನ್ನಡಕ ಏರಿಸಿ ಹತ್ತಿರ ಬಗ್ಗಿದರು.

"ಈ ಮನಶ್ಯಾನ ಬಲ ಮೊಣಕಾಲು ಕೆಟ್ಟದ. ಭಾರ ಎಲ್ಲಾ ಎಡಗಾಲಿಗೆ ತಂದು ನಿಂತಾನ. ಹೌದಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಯಾರೋ ಅವರೇನು ಹೇಳಿದರೆಂದು ಕೇಳಿದರು. ತಿರುಗಿದರೆ ಸೂಟು, ಟೈ ತೊಟ್ಟ ಮಿಸ್ಯೂ ಎಮಿಲ್. ಅವರನ್ನು ಹಾಗೆ ಮೈತುಂಬ ಬಟ್ಟೆಯಲ್ಲಿ ನೋಡಿದ್ದು ಅದೇ ಮೊದಲು. ಅಪ್ಪನ ಮಾತನ್ನು ಹೇಳಿದೆ. ಅವರು ಚಿತ್ರದ ಕಡೆ ಬೆರಳು ತೋರಿಸಿ, ತಮ್ಮ ಎದೆ ಮುಟ್ಟಿಕೊಂಡು, ಬಲ ಮೊಣಕಾಲನ್ನು ಮೆಲ್ಲಗೆ ತಟ್ಟಿದರು. ಅಪ್ಪ ಒಂದು ಸಲ ಚಿತ್ರ ನೋಡಿದರು, ಒಂದು ಸಲ ಅವರನ್ನು ನೋಡಿದರು. ನಾಚಿಕೆಯಿಂದಲೋ ಗೌರವದಿಂದಲೋ, ಕೈ ಮುಗಿದರು. ಆಮೇಲೆ ಅರ್ಧ ಗಂಟೆ ಇಬ್ಬರೂ ಚಾವಣಿ, ಹಿಮದ ಭಾರ, ತೊಲೆ ಎಂದು ಮಾತಾಡಿದ್ದೇ ಮಾತಾಡಿದ್ದು. ಅನುವಾದ ಮಾಡಿ ಮಾಡಿ ನನ್ನ ಬಾಯಿ ಒಣಗಿತು.

ಪಾರ್ಕಿಂಗ್‌ನಲ್ಲಿ ಅಪ್ಪ ಖಾಲಿ ವ್ಯಾನಿನ ಬಾಗಿಲು ಎಳೆದು ಹಾಕಿದರು. "ಭಾರ ಎಲ್ಲಿ ಇಳೀತದ ಅನ್ನೋದು ತಿಳಕೊಳ್ಳಾಕ ನನಗ ಮೂರು ವರ್ಷ ಬೇಕಾತು. ನೀ ಒಂದ ವರ್ಷದಾಗ ಕಲತಿ. ಉಳದದ್ದೂ ಕಲಿ," ಅಂದರು. ನಾನು ರಸ್ತೆಯಲ್ಲೇ ಅತ್ತುಬಿಟ್ಟೆ.

ಮಿಸ್ಯೂ ಎಮಿಲ್ ಅವರನ್ನು ನಾನು ಕೊನೆಯ ಸಲ ನೋಡಿದ್ದು ಆ ಪ್ರದರ್ಶನದಲ್ಲೇ. ಬೇಸಿಗೆಯಲ್ಲಿ ಅವರು ದೂರದ ಊರಿನ ತಂಗಿಯ ಮನೆಗೆ ಹೋದರಂತೆ. ಎರಡನೆಯ ವರ್ಷ ಒಬ್ಬ ಹುಡುಗಿ ಮಾಡೆಲ್ ಆಗಿ ಬಂದಳು. ವಿರಾಮದಲ್ಲಿ ಪತ್ರಿಕೆ ಓದುತ್ತಾ ಕೂರುವಳು. ಚಳಿಗಾಲದ ಕೊನೆಗೆ ಒಂದು ಮಧ್ಯಾಹ್ನ ಮೇಷ್ಟ್ರು ಕ್ಲಾಸಿಗೆ ಬಂದು, ಮಿಸ್ಯೂ ಎಮಿಲ್ ತೀರಿಕೊಂಡರು, ನಾಳೆ ಅವರ ತಂಗಿಯ ಊರಿನ ಚರ್ಚಿನಲ್ಲಿ ಪ್ರಾರ್ಥನೆ ಎಂದರು. ಬಸ್ಸಿನಲ್ಲಿ ಆರು ಗಂಟೆಯ ದಾರಿ. ಮರುದಿನ ನನಗೆ ಪರೀಕ್ಷೆ ಬೇರೆ.

ಅಪ್ಪನ ಆಫೀಸಿಗೆ ಫೋನು ಮಾಡಿದೆ. ಒಂದು ದಿನ ಸ್ಕೂಲು ತಪ್ಪಿಸಿದರೆ ಒಂದು ವಾರ ಮಾತು ಬಿಡುತ್ತಿದ್ದ ಮನುಷ್ಯ ಅವರು. ಸಾವಿನ ಸುದ್ದಿಯನ್ನೂ ಪರೀಕ್ಷೆಯನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

"ಪರೀಕ್ಷಾ ಮುಂದಿನ ವರ್ಷನೂ ಬರ್ತದ," ಅಂದರು. "ನೀ ಹೋಗಿ ಬಾ. ಅವರು ನಿನ್ನ ಗುರುಗಳು."