ಹಲ್ಲಕ್ಕ ಹುಡುಕಿದ ತರಗತಿ

ದಂತವೈದ್ಯರು ಬೊಚ್ಚುಬಾಯಿಯ ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಅದಕ್ಕೆ ಪ್ಲಾಸ್ಟರ್ ಸುರಿದು ವಸಡಿನ ಆಕಾರ ಮೂಡಿಸುವುದು, ಮೇಣದ ಮೇಲೆ ಹಲ್ಲುಗಳನ್ನು ಒಂದೊಂದಾಗಿ ಕೂರಿಸಿ ಸೆಟ್ಟು ಮಾಡುವುದು ಅಲ್ಲಿನ ಒಬ್ಬ ಹೆಂಗಸಿನ ಕೆಲಸ. ಹಾಗಾಗಿ ಲ್ಯಾಬಿನಲ್ಲಿ ಎಲ್ಲರಿಗೂ ಅವರು ಹಲ್ಲಕ್ಕ. ಮಾಲೀಕರಂತೂ ಸಂಬಳ ಕೊಡುವಾಗಲೂ ಹಾಗೇ ಕರೆಯುತ್ತಾರೆ.

ನಲವತ್ತು ದಾಟಿದ ಮೇಲೆ, ಬಹಳ ಕಾಲ ಓದಿ ಯೋಚಿಸಿ, ಹಲ್ಲಕ್ಕ ಮುಸ್ಲಿಮರಾದರು. ಜೊತೆಯಲ್ಲಿರುವ ತಂಗಿ ಆಗಲಿಲ್ಲ. ಅಕ್ಕ ಅಳೆದು ಸುರಿಯದೆ ಏನನ್ನೂ ಮಾಡುವವಳಲ್ಲ ಎಂದು ಗೊತ್ತಿದ್ದ ತಂಗಿ ಜಗಳವಾಡಲೂ ಇಲ್ಲ. ತಮಾಷೆ ಮಾಡುವ ಹಕ್ಕನ್ನು ಮಾತ್ರ ಉಳಿಸಿಕೊಂಡಳು.

ನಮಾಜಿನ ಮಾತುಗಳನ್ನು ಹಲ್ಲಕ್ಕ ಪುಸ್ತಕದಿಂದ ಬಾಯಿಪಾಠ ಮಾಡಿದ್ದರು. ಬಾಗುವುದು, ಹಣೆ ನೆಲಕ್ಕೆ ಹಚ್ಚುವುದು, ಕೂರುವುದು, ಏಳುವುದನ್ನು ಕಲಿತದ್ದು ಮಸೀದಿಯ ಹೆಂಗಸರ ಕೋಣೆಯಲ್ಲಿ, ಪಕ್ಕದಲ್ಲಿ ನಿಲ್ಲುತ್ತಿದ್ದ ಒಬ್ಬ ಅಜ್ಜಿಯನ್ನು ನೋಡಿಕೊಂಡು. ಎರಡು ವರ್ಷ ಹೀಗೇ ನಡೆಯಿತು. ಆದರೆ ಯಾರೂ ಪರೀಕ್ಷಿಸದ ಕೆಲಸವನ್ನು ಹಲ್ಲಕ್ಕ ನಂಬುವವರಲ್ಲ. ತಾವು ಮಾಡುತ್ತಿರುವುದು ಸರಿಯೋ ತಪ್ಪೋ ಎಂಬುದು ಒಳಗೊಳಗೇ ಕೊರೆಯತೊಡಗಿತು. ಮೊದಲಿನಿಂದ, ಕ್ರಮವಾಗಿ ಕಲಿಸುವ ಒಂದು ಜಾಗ ಬೇಕಿತ್ತು.

ಹುಡುಕಾಟಕ್ಕೆ ತಂಗಿಯ ಮೊಬೈಲೂ ಸೇರಿಕೊಂಡಿತು.

"ಅಕ್ಕಾ, ಇಲ್ಲೊಂದಿದೆ ನೋಡು. ಮೂರೇ ತಿಂಗಳಲ್ಲಿ ಪಂಡಿತೆ ಮಾಡಿ ಬಿಡ್ತಾರಂತೆ."

"ಒಂದು ದವಡೆಗೆ ನೆಟ್ಟಗೆ ಹಲ್ಲು ಕೂರಿಸೋದು ಕಲಿಯೋಕೇ ನಂಗೆ ವರ್ಷಗಟ್ಟಲೆ ಬೇಕಾಯ್ತು. ಬೇರೆ ನೋಡೇ."

ದೊಡ್ಡ ಕಟ್ಟಡದ ಸಂಸ್ಥೆಯೊಂದಕ್ಕೆ ಹಲ್ಲಕ್ಕ ಅರ್ಧ ದಿನ ರಜೆ ಹಾಕಿ ಹೋದರು. ಕಿಟಕಿಯಾಚೆಯ ಗುಮಾಸ್ತರು ಕೇಳಿದರು, "ಅರಬ್ಬಿ ಓದೋಕೆ ಬರುತ್ತಾ?"

"ಅದನ್ನ ಕಲಿಯೋಕೇ ಬಂದಿರೋದು."

"ಹಂಗಲ್ಲಮ್ಮಾ, ಸೇರೋಕೆ ಮುಂಚೆ ಬರ್ಬೇಕು."

ಇನ್ನೊಂದು ಕಡೆ ಮೊದಲಿನಿಂದ ಕಲಿಸುತ್ತಿದ್ದರು, ಆದರೆ ಏಳೆಂಟು ವರ್ಷದವರಿಗೆ. ಅಲ್ಲಿನ ಬೆಂಚಿಗೂ ಮೇಜಿಗೂ ನಡುವೆ ಹಲ್ಲಕ್ಕನಿಗೆ ತೂರಲಾಗಲಿಲ್ಲ. ಆಮೇಲೆ ಆನ್‌ಲೈನ್ ಕೋರ್ಸ್ ಒಂದಕ್ಕೆ ಸೇರಿದರು. ಅದರ ಗುರುಗಳ ಬಳಿ ಎಲ್ಲಕ್ಕೂ ತಟ್ಟನೆ ಉತ್ತರವಿತ್ತು. ಎರಡನೇ ಪಾಠದಲ್ಲೇ ಅವರು ಬೇರೆ ಗುರುಗಳ ಮೇಲೆ ಹರಿಹಾಯತೊಡಗಿದರು. ಅಡುಗೆಮನೆಯಿಂದ ತಂಗಿ ಕೂಗಿದಳು, "ಅದು ಪಾಠಾನೋ, ಪಕ್ಕದ ಮನೆ ಜಗಳಾನೋ? ಸ್ವಲ್ಪ ಸೌಂಡ್ ಕಮ್ಮಿ ಮಾಡು."

ಅದನ್ನೂ ಬಿಟ್ಟ ಮೇಲೆ, ಮಸೀದಿಯ ಹೆಂಗಸರ ಕೋಣೆಯಲ್ಲಿ ಯಾರೋ ಹೇಳಿದ್ದರಿಂದ ಇನ್ನೊಂದು ಜಾಗ ಗೊತ್ತಾಯಿತು. ಸೈಕಲ್ ಅಂಗಡಿಯ ಮೇಲಿನ ಕೋಣೆ, ವಾರಕ್ಕೊಮ್ಮೆ ಬೆಳಿಗ್ಗೆ, ದೊಡ್ಡ ಹೆಂಗಸರಿಗಷ್ಟೇ ತರಗತಿ. ಕಲಿಸುವವರು ಉಳಿದ ದಿನಗಳಲ್ಲಿ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ ಮಾಡುತ್ತಾರೆ. ಎಲ್ಲರೂ ಅವರನ್ನು ಮೇಡಂ ಎನ್ನುತ್ತಾರೆ. ಹೊಸಬರು ಬಂದರೆ ಮೇಡಂ ಮೊದಲು ಪಾಠ ಹೇಳುವುದಿಲ್ಲ, "ನಿಮಗೆ ಬಂದ ಹಾಗೆ ನಮಾಜು ಮಾಡಿ ತೋರಿಸಿ, ಎಲ್ಲಿಂದ ಶುರು ಮಾಡ್ಬೇಕು ಅಂತ ನೋಡೋಣ" ಎನ್ನುತ್ತಾರೆ.

ಹಲ್ಲಕ್ಕ ಚಾಪೆಯ ಮೇಲೆ ನಿಂತು, ಒಂದಿಷ್ಟೂ ತಡವರಿಸದೆ ಮಾಡಿ ತೋರಿಸಿದರು. ಕೂರುವಾಗ ಬಲಗಾಲನ್ನು ಪಕ್ಕಕ್ಕೆ ಉದ್ದಕ್ಕೆ ಚಾಚಿದರು. ಏಳುವ ಮುಂಚೆ ಪ್ರತಿ ಸಲವೂ ಬಲಮಂಡಿಯನ್ನು ಎರಡು ಬಾರಿ ಮೆಲ್ಲಗೆ ತಟ್ಟಿ, ಎಡಗೈಯನ್ನು ನೆಲಕ್ಕೆ ಊರಿ ಎದ್ದರು.

"ಮಂಡಿ ನೋವಾ?" ಮೇಡಂ ಕೇಳಿದರು.

"ಇಲ್ವಲ್ಲ."

"ಮತ್ತೆ ತಟ್ಟಿದ್ರಲ್ಲ?"

"ಯಾಕೆ, ತಟ್ಟಬಾರದಾ?"

ಕಿಟಕಿಯ ಪಕ್ಕ ಪಾಠಕ್ಕೆ ಕುಳಿತಿದ್ದ ದರ್ಜಿ ಹೆಂಗಸಿಗೆ ತಡೆಯಲಾಗದೆ ಕಿಸಕ್ಕನೆ ನಗು ಬಂತು, ಅದು ಉಳಿದವರಿಗೂ ಹರಡಿತು. ಹಲ್ಲಕ್ಕನಿಗೆ ನಿಧಾನವಾಗಿ ಅರ್ಥವಾಯಿತು. ಮಸೀದಿಯ ಅಜ್ಜಿಗೆ ಬಲಮಂಡಿ ಸವೆದಿತ್ತು. ತಾವು ನಮಾಜಿನ ಜೊತೆಗೆ ಆ ಅಜ್ಜಿಯ ಮಂಡಿನೋವನ್ನೂ ಚಾಚೂ ತಪ್ಪದೆ ಕಲಿತಿದ್ದರು.

ಹಲ್ಲಕ್ಕ ನಗಲಿಲ್ಲ. "ಹಾಗಾದ್ರೆ ಇಷ್ಟು ದಿನ ಮಾಡಿದ್ದೆಲ್ಲ ನೀರುಪಾಲಾ?" ಎಂದರು. ಅವರ ದನಿ ಕೇಳಿ ನಗು ನಿಂತಿತು.

ಮೇಡಂ ಅವರ ಎದುರು ಚಾಪೆಯ ಮೇಲೆ ಕುಳಿತರು. "ಇಲ್ಲ ಅಂತ ನಂಗನ್ಸುತ್ತೆ. ಆದ್ರೆ ಬರೀ ಅನ್ಸಿದ್ದನ್ನ ಹೇಳಿ ಕಳಿಸಬಾರದು. ನನಗೆ ಕಲಿಸಿದವರು ಇದ್ದಾರೆ, ಕೇಳ್ಕೊಂಡು ಮುಂದಿನ ವಾರ ಹೇಳ್ತೀನಿ. ಬರ್ತೀರಲ್ಲ?"

ಹಲ್ಲಕ್ಕ ತಲೆಯಾಡಿಸಿದರೂ ಮನೆಗೆ ಬಂದವರೇ ಇನ್ನು ಅತ್ತ ತಲೆ ಹಾಕುವುದಿಲ್ಲ ಎಂದರು. ಆ ವಾರ ನಮಾಜಿಗೆ ನಿಂತಾಗಲೆಲ್ಲ ಕೈ ತಾನಾಗಿ ಮಂಡಿಗೆ ಹೋಗುವುದು, ಅವರು ಅದನ್ನು ಅರ್ಧದಲ್ಲೇ ಹಿಡಿಯುವುದು. ಬಾಗಿಲಲ್ಲಿ ನಿಂತು ನೋಡಿದ ತಂಗಿಗೂ ಈ ಬಾರಿ ತಮಾಷೆ ಮಾಡಲು ಮನಸ್ಸಾಗಲಿಲ್ಲ.

"ನಕ್ಕರು ಅಂತ ಬಿಡ್ತೀಯಾ?"

"ನಾಲ್ಕು ಜನರೆದುರು ಮಾನ ಹೋಯ್ತಲ್ಲೇ."

"ಹೋದ್ರೆ ಹೋಗ್ಲಿ. ಉತ್ತರ ಬೇಡ್ವಾ ನಿಂಗೆ?"

ಹಲ್ಲಕ್ಕ ಚಾಪೆಯನ್ನು ಮಡಚಿಟ್ಟರು. ಆಮೇಲೆ ಹೇಳಿದರು, "ಇಷ್ಟು ಕಡೆ ಸುತ್ತಿದೆ. ಗೊತ್ತಿಲ್ಲ, ಕೇಳಿ ಹೇಳ್ತೀನಿ ಅಂದಿದ್ದು ಆಯಮ್ಮ ಒಬ್ಬರೇ."

ಮುಂದಿನ ವಾರ ಅವರು ಮೆಟ್ಟಿಲು ಹತ್ತಿ ಹೋದಾಗ ಮೇಡಂ ಚಾಪೆ ಹಾಸುತ್ತಿದ್ದರು. ಇನ್ನೊಂದು ತುದಿ ಹಿಡಿದಿದ್ದ ದರ್ಜಿ ಹೆಂಗಸು ತಾವಾಗಿಯೇ ಮಾತಾಡಿಸಿದರು. "ನಗಬಾರದಿತ್ತು ಅಕ್ಕಾ, ಬೇಜಾರು ಮಾಡ್ಕೋಬೇಡಿ. ಮನೆಗೆ ಹೋಗಿ ನನ್ನ ನಮಾಜನ್ನೇ ನೋಡ್ಕೊಂಡೆ. ಹುಟ್ಟಿದಾಗಿನಿಂದ ಮಾಡ್ತಿದ್ದೀನಿ, ಅದು ಸರೀನಾ ಅಂತ ಒಂದು ದಿನಾನೂ ಯಾರನ್ನೂ ಕೇಳಿಲ್ಲ."

"ಕೇಳ್ಕೊಂಡು ಬಂದೆ. ಮಾಡಿದ್ದನ್ನ ತಿರುಗಿ ಮಾಡಬೇಕಾಗಿಲ್ಲ," ಮೇಡಂ ಹಲ್ಲಕ್ಕನತ್ತ ತಿರುಗಿದರು. "ಗೊತ್ತಿಲ್ಲದೆ ಆದದ್ದು. ಕಾಲು ನೋಯೋರು ಚಾಚಬಹುದು, ಆ ಅಜ್ಜಿ ಮಾಡೋದು ಅವರಿಗೆ ಸರಿ. ನಿಮ್ಮ ಕಾಲು ಗಟ್ಟಿ ಇದೆ, ಇನ್ಮೇಲೆ ಮಡಚಿ."

ಹಲ್ಲಕ್ಕ ಮಡಚಿ ಕುಳಿತರು. ಮೇಡಂ ಬಗ್ಗಿ ಪಾದವನ್ನು ತಿರುಗಿಸಿ ಕೂರಿಸಿದರು. ಎರಡು ವರ್ಷ ಆರಾಮಾಗಿ ಚಾಚಿಕೊಂಡಿದ್ದ ಕಾಲು ಸ್ವಲ್ಪ ಹೊತ್ತಿಗೇ ಬಿಗಿಯಿತು.

"ಜೋಮು ಹಿಡೀತಾ?" ಮೇಡಂ ಕೇಳಿದರು.

"ಹಿಡೀಲಿ ಬಿಡಿ ಮೇಡಂ," ಹಲ್ಲಕ್ಕ ಅಲ್ಲಾಡದೆ ಹೇಳಿದರು. "ಈ ನೋವಾದ್ರೂ ನನ್ನದೇ."