ಭಾವನವರ ವಿಮಾನದ ಫಟಫಟಿ

ಮೊಸರನ್ನ ಕಲಸುವಾಗ ಭಾವನವರ ಬೆರಳುಗಳನ್ನು ನೋಡಬಾರದಿತ್ತು. ಬಿಳಿ ಅನ್ನದೊಳಗೆ ಐದು ಕಪ್ಪು ಉಗುರುಗಳು ಮುಳುಗಿ ಏಳುತ್ತಿದ್ದವು. ಉಗುರಿನ ಸಂದಿಯ ಜಿಡ್ಡು ಬೂದಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ, ಸೀಮೆಎಣ್ಣೆಯಲ್ಲಿ ಅದ್ದಿದರೂ ಹೋಗುತ್ತಿರಲಿಲ್ಲ. ಹೋಗಲಿ ಎಂದು ಅವರೇನೂ ಒದ್ದಾಡುತ್ತಿರಲಿಲ್ಲ ಬಿಡಿ. ಬಚ್ಚಲಲ್ಲಿ ಕೈಗಳಿಗೆ ನೀರು ತೋರಿಸಿ, ನಾನು ಆಗಷ್ಟೇ ಒಗೆದು ಹಾಕಿದ ಬಾಗಿಲ ಪರದೆಗೆ ಒರೆಸಿ, ತಟ್ಟೆಯ ಮುಂದೆ ಬಂದು ಕೂರುತ್ತಿದ್ದರು.

ತೀರಿಹೋದವರ ಬಗ್ಗೆ ಹೀಗೆಲ್ಲ ಬರೆಯಬಾರದು ಎಂದು ಗೊಣಗುವವರು ನಮ್ಮ ಮನೆತನದಲ್ಲಿ ಈಗಲೂ ಇದ್ದಾರೆ. ಅವರಲ್ಲಿ ಒಬ್ಬರೂ ಭಾವನವರಿಗೆ ಅಡುಗೆ ಮಾಡಿ ಹಾಕಿದವರಲ್ಲ.

ಅವರು ನನ್ನ ಗಂಡನ ಅಣ್ಣ. ಅರವತ್ತರ ದಶಕದ ನಡುವಿನ ಮಾತು. ಕೊಯಾಲಿಯಲ್ಲಿ ಹೊಸದಾಗಿ ಎದ್ದ ಎಣ್ಣೆ ಶುದ್ಧೀಕರಣ ಕಾರ್ಖಾನೆಯಲ್ಲಿ ನಮ್ಮವರಿಗೆ ಕೆಲಸ ಸಿಕ್ಕಿ, ನಾವಿಬ್ಬರೂ ಧಾರವಾಡ ಬಿಟ್ಟು ಬರೋಡಾಕ್ಕೆ ಬಂದಿದ್ದೆವು. ಕ್ವಾರ್ಟರ್ಸ್ ಇನ್ನೂ ಕಟ್ಟುತ್ತಲೇ ಇದ್ದರು. ಅಲ್ಲಿಯವರೆಗೆ ಊರೊಳಗಿನ ಒಂದು ಪೋಳಿನಲ್ಲಿ ಬಾಡಿಗೆಗೆ ಇದ್ದೆವು. ಪೋಳ್ ಎಂದರೆ ಎರಡೂ ಕಡೆ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವ ಇಕ್ಕಟ್ಟಿನ ಓಣಿ. ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರು ಸೀನುತ್ತಾರೆ. ಮನೆಯ ನಡುವೆ ಒಂದು ಪುಟ್ಟ ಅಂಗಳ, ಅಲ್ಲೊಂದು ಒಗೆಯುವ ಕಲ್ಲು. ಮದುವೆಯಾದ ಮೇಲೆ ನನ್ನದು ಅನ್ನುವ ಹಾಗೆ ಸಿಕ್ಕ ಮೊದಲ ಜಾಗ ಅದು.

ಭಾವನವರು ಬೆಂಗಳೂರಿನಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದವರು. ಮೇಲಿನವರ ಜೊತೆ ಜಗಳ ತೆಗೆದು ಕೆಲಸ ಬಿಟ್ಟರೋ, ಬಿಡಿಸಿದರೋ, ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೆಂಡತಿ ಮಕ್ಕಳಿಲ್ಲ. ಒಂದು ಹಾಸಿಗೆ ಸುರುಳಿ, ಒಂದು ಸಾಮಾನಿನ ಪೆಟ್ಟಿಗೆ ಹಿಡಿದು ಬಂದು, "ಎಂಟ್ ದಿವಸ ಇದ್ದು ಹೋಗ್ತೀನಿ" ಅಂದರು. ನಾನು ನಂಬಿದೆ. ಆ ಎಂಟು ದಿನ ಮುಗಿಯಲು ಎರಡು ವರ್ಷ ಹಿಡಿಯಿತು.

ನಮ್ಮಲ್ಲಿ ಗಂಡನ ಅಣ್ಣನ ಎದುರು ಸೆರಗು ಹೊದ್ದುಕೊಳ್ಳಬೇಕು, ನೇರವಾಗಿ ಮಾತಾಡಬಾರದು. ಅವರು ಏನಾದರೂ ಅನ್ನಬಹುದು, ನಾನು ಮಾತ್ರ ಗಂಡನಿಗೆ ಹೇಳಬೇಕು, ಗಂಡ ಅವರಿಗೆ ಹೇಳಬೇಕು. ನಮ್ಮವರು ಹೇಳುತ್ತಲೇ ಇರಲಿಲ್ಲ. ಚಿಕ್ಕಂದಿನಲ್ಲಿ ತಂದೆ ಹೋದ ಮೇಲೆ ಅಣ್ಣನೇ ಓದಿಸಿದ್ದನಂತೆ. ಹಾಗಾಗಿ ಅಣ್ಣ ಅಂದದ್ದೇ ವೇದ. ನನ್ನ ಮಾತೆಲ್ಲ ನಮ್ಮವರ ಕಿವಿಯವರೆಗೆ ಹೋಗಿ ಅಲ್ಲೇ ಸಾಯುತ್ತಿತ್ತು.

ಒಂದು ಭಾನುವಾರ ಭಾವನವರು ಅಹಮದಾಬಾದಿಗೆ ಹೋದರು. ಅಲ್ಲಿ ಸಾಬರಮತಿಯ ದಂಡೆಯಲ್ಲಿ ವಾರಕ್ಕೊಮ್ಮೆ ಗುಜರಿ ಸಂತೆ ಕೂಡುತ್ತದೆ. ಮರುದಿನ ಒಂದು ಟ್ರಕ್ಕು ನಮ್ಮ ಪೋಳಿನ ಬಾಯಿಗೆ ಬಂದು ನಿಂತಿತು. ನಾಲ್ಕು ಜನ ಹಮಾಲರು ಗೋಣಿತಟ್ಟಿನಲ್ಲಿ ಸುತ್ತಿದ ಏನನ್ನೋ ಹೊತ್ತು ತಂದು, ನನ್ನ ಒಗೆಯುವ ಕಲ್ಲನ್ನು ಸರಿಸಿ, ಅದೇ ಜಾಗದಲ್ಲಿ ಇಳಿಸಿದರು. ಗೋಣಿ ಬಿಚ್ಚಿದರೆ ವಿಮಾನದ ಇಂಜಿನ್! ಯುದ್ಧಕಾಲದಲ್ಲಿ ಹುಡುಗರಿಗೆ ಹಾರಾಟ ಕಲಿಸುತ್ತಿದ್ದ ಒಂದು ಸಣ್ಣ ವಿಮಾನದ್ದಂತೆ. ನಡುವೆ ಒಂದು ದುಂಡನೆಯ ಡಬ್ಬಿ, ಅದರ ಸುತ್ತ ಬಂಡಿಗಾಲಿಯ ಅರಗಳ ಹಾಗೆ ಏಳು ಸಿಲಿಂಡರುಗಳು. ಕೆಲವು ಆಕಾಶ ನೋಡುತ್ತಿದ್ದವು, ಕೆಲವು ನೆಲ ನೋಡುತ್ತಿದ್ದವು.

"ಇದನ್ನ ಫಟಫಟಿಗೆ ಕೂಡಸ್ತೀನವಾ," ಅಂದರು ಭಾವನವರು, ಮಗು ಹುಟ್ಟಿದ ಸುದ್ದಿ ಹೇಳುವವರ ಮುಖ ಮಾಡಿಕೊಂಡು. "ಇಡೀ ಹಿಂದೂಸ್ತಾನದಾಗ ಇಂಥಾದ್ದು ಇನ್ನೊಂದು ಇರೂದಿಲ್ಲ."

ಇಲ್ಲದಿದ್ದದ್ದು ಹಿಂದೂಸ್ತಾನದ ಪುಣ್ಯ ಎಂದು ನಾನು ಸೆರಗಿನೊಳಗೇ ಅಂದುಕೊಂಡೆ.

ಅಂದಿನಿಂದ ನಮ್ಮ ಮನೆ ಗ್ಯಾರೇಜಾಯಿತು. ನಲ್ಲಿಯ ಕೊಳವೆ ಬಗ್ಗಿಸಿ ಚೌಕಟ್ಟು ಮಾಡಿದರು. ಫಟಫಟಿ ಅಂದರೆ ಮೋಟಾರ್ ಸೈಕಲ್ಲು, ಅದಕ್ಕೆ ಹಳೆಯ ಮಿಲಿಟರಿ ಫಟಫಟಿಯ ಗಾಲಿಗಳು ಬಂದವು. ನನ್ನ ಹಿತ್ತಾಳೆಯ ಪರಾತದಲ್ಲಿ ನಟ್ಟು ಬೋಲ್ಟು ನೆನೆದವು. ಈ ಇಂಜಿನ್ನಿಗೆ ಹರಳೆಣ್ಣೆಯೇ ಆಗಬೇಕು ಎಂದು ಹಟ ಹಿಡಿದು, ನಾನು ತಲೆಗೆ ಹಚ್ಚಿಕೊಳ್ಳಲು ಇಟ್ಟಿದ್ದ ಡಬ್ಬಿಯನ್ನೂ ಸುರಿದರು. ಸಿಲಿಂಡರು ಯಾವಾಗಲೂ ಬೆಸವಾಗಿರಬೇಕು, ಸಮವಾದರೆ ಇಂಜಿನ್ ಸರಿಯಾಗಿ ಓಡುವುದಿಲ್ಲ ಅನ್ನುವುದು ಅವರ ವಿದ್ಯೆ. ಅದು ಇಂಜಿನ್ನಿಗೆ ನಿಜವಿರಬಹುದು. ಅವರು ಅದನ್ನು ಚಪಾತಿಗೂ ಹಚ್ಚಿದರು. ತಟ್ಟೆಗೆ ನಾಲ್ಕು ಬಿದ್ದರೆ, "ಬೆಸ ಮಾಡವಾ, ಬೆಸ ಮಾಡು" ಅನ್ನುವರು. ಐದನೆಯದು ಹಾಕಿದ ಮೇಲೆ ಅರ್ಧ ತಿಂದು ಬಿಡುವರು. ಆ ಅರ್ಧ ಚಪಾತಿಯ ಅಂಚಿಗೂ ಕಪ್ಪು ಹತ್ತಿರುತ್ತಿತ್ತು.

ಮೊದಲ ಸಲ ಅದನ್ನು ಚಾಲೂ ಮಾಡಿದ ದಿನ ಎದುರುಮನೆಯ ಕಾಕಿ ಮಾಳಿಗೆಯ ಮೇಲೆ ಹಪ್ಪಳ ಒಣಹಾಕಿದ್ದರು. ಓಣಿಯ ಕಿಟಕಿಗಳೆಲ್ಲ ಗಡಗಡ ಅಂದವು. ಸುಟ್ಟ ಹರಳೆಣ್ಣೆಯ ನೀಲಿ ಹೊಗೆ ಮೇಲೆದ್ದು ಹಪ್ಪಳದ ಮೇಲೆ ಕೂತಿತು. ಕಾಕಿ ಕಟಾಂಜನದಿಂದ ಬಗ್ಗಿ, "ಬೆನ್, ತಮಾರು ವಿಮಾನ್ ಉಡಾಡಿ ದೋ ನೆ!" ಅಂದರು. ನಿಮ್ಮ ವಿಮಾನ ಹಾರಿಸಿಬಿಡಿ ಅತ್ಲಾಗೆ, ಅಂತ. ಭಾವನವರು ಅದನ್ನು ಹೊಗಳಿಕೆ ಎಂದುಕೊಂಡು ಕೈ ಮುಗಿದರು. ಹಪ್ಪಳ ಹೊಸದಾಗಿ ಮಾಡಿಕೊಟ್ಟವಳು ನಾನು.

ಓಡಿಸುತ್ತಿದ್ದದ್ದಾದರೂ ಎಲ್ಲಿಗೆ? ಪೋಳಿನ ಬಾಯಿಯವರೆಗೆ, ಅಲ್ಲಿಂದ ವಾಪಸು. ಪ್ರತಿ ಸಲ ಹೊರಡುವ ಮುಂಚೆ ಒಂದು ದೊಡ್ಡ ಪೂಜೆ. ನಿಂತ ಇಂಜಿನ್ನಿನ ಎಣ್ಣೆ ಇಳಿದಿಳಿದು ತಳದ ಸಿಲಿಂಡರುಗಳಲ್ಲಿ ತುಂಬಿಕೊಳ್ಳುತ್ತದಂತೆ. ಅದಕ್ಕೇ ಮೊದಲು ಹ್ಯಾಂಡಲ್ ಹಾಕಿ ಕೈಯಿಂದ ನಿಧಾನ ತಿರುಗಿಸಬೇಕು. ಎಲ್ಲಾದರೂ ಸಿಕ್ಕಿಕೊಂಡರೆ ಜೋರು ಮಾಡಬಾರದು. ಮಾಡಿದರೆ ಒಳಗಿನ ರಾಡು ಬಾಗುತ್ತದೆ. ಪ್ಲಗ್ ಬಿಚ್ಚಿ, ಎಣ್ಣೆ ಬಸಿದು, ಮತ್ತೆ ಕೂಡಿಸಬೇಕು. ಇದನ್ನು ಭಾವನವರು ಬಂದವರಿಗೆಲ್ಲ ಹೇಳಿ ಹೇಳಿ ನನಗೂ ಬಾಯಿಪಾಠವಾಗಿತ್ತು.

ಒಂದು ಮಧ್ಯಾಹ್ನ ಧಾರವಾಡದ ನನ್ನ ತವರಿನಿಂದ ತಂತಿ ಬಂತು. ಅವ್ವನಿಗೆ ಬಹಳ ಜಾಸ್ತಿಯಾಗಿದೆ, ಕೂಡಲೇ ಹೊರಟು ಬಾ. ಸಂಜೆಯ ಮುಂಬಯಿ ರೈಲು ಹಿಡಿದರೆ ಮುಂದೆ ಪುಣೆಯ ರೈಲು ಸಿಗುತ್ತದೆ. ಅದು ತಪ್ಪಿದರೆ ಒಂದು ಇಡೀ ದಿನ ಹೋಯಿತು. ನಮ್ಮವರಿಗೆ ರಜೆ ಸಿಗುವಂತಿರಲಿಲ್ಲ, ನಾನೊಬ್ಬಳೇ ಹೊರಟೆ. ಟಾಂಗಾ ಬಾಗಿಲಿಗೆ ಬಂದು ನಿಂತಿತು. ನನ್ನ ಚೀಲವನ್ನು ಟಾಂಗಾವಾಲಾ ಒಳಗಿಟ್ಟೂ ಆಗಿತ್ತು.

ಅಷ್ಟರಲ್ಲಿ ಭಾವನವರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಟಾಂಗಾ ಯಾಕೋ? ಕಳಸಿಬಿಡು ಅದನ್ನ. ಮನ್ಯಾಗ ಏಳು ಸಿಲಿಂಡರಿನ ಫಟಫಟಿ ಇಟಗೊಂಡು ಕುದುರಿ ಹಿಂದ ಹೋಗ್ತಾರೇನು?"

"ಅಣ್ಣಾ, ರೈಲಿಗೆ ಹೊತ್ತಾಗೇದ," ಅಂದರು ನಮ್ಮವರು.

"ನಾ ಇದೀನಲ್ಲ. ಟಾಂಗಾ ಸ್ಟೇಷನ್ ಮುಟ್ಟೂದ್ರಾಗ ನಾ ಹೋಗಿ ತಿರುಗಿ ಬಂದಿರ್ತೀನಿ."

ನಾನು ನಮ್ಮವರ ಮುಖ ನೋಡಿದೆ. ಬೇಡ ಅನ್ನಿ ಎಂದು ಕಣ್ಣಲ್ಲೇ ಬೇಡಿಕೊಂಡೆ. ಅವರು ನೆಲ ನೋಡಿದರು. "ಗಾಡಿ ಛೂಟಿ ಜಶೆ, ಬೆನ್," ರೈಲು ತಪ್ಪುತ್ತದೆ ಎಂದು ಟಾಂಗಾವಾಲಾ ನನಗೆ ಹೇಳಿದ. ನನ್ನ ಪರವಾಗಿ ಮಾತಾಡಿದವನು ಅವನೊಬ್ಬನೇ. ಚೀಲ ಕೆಳಗಿಳಿಯಿತು, ಟಾಂಗಾ ಹೋಯಿತು.

ಭಾವನವರು ಹ್ಯಾಂಡಲ್ ಹಾಕಿ ತಿರುಗಿಸತೊಡಗಿದರು. ಅರ್ಧಕ್ಕೆ ಬಂದು ನಿಂತಿತು. "ಸಿಕ್ಕೊಂಡದ," ಅಂದರು, ಏನೋ ಬಲು ಸ್ವಾರಸ್ಯದ ಸಂಗತಿ ಎಂಬಂತೆ. ಎಣ್ಣೆ ತಳಕ್ಕಿಳಿದಿತ್ತು. ಪ್ಲಗ್ ಬಿಚ್ಚಲು ಹೋದರೆ ಹರಳೆಣ್ಣೆ ಅಂಟುಗಟ್ಟಿ ಅದು ಕದಲಲೊಲ್ಲದು. ಸೀಮೆಎಣ್ಣೆ ಬಿಟ್ಟರು, ಕಾದರು. ಮತ್ತೆ ಬಿಟ್ಟರು, ಮತ್ತೆ ಕಾದರು. ನಾನು ತಲೆಬಾಗಿಲಲ್ಲಿ ಚೀಲ ಹಿಡಿದು ನಿಂತೇ ಇದ್ದೆ.

"ಅಣ್ಣಾ, ಒಮ್ಮೆ ಜೋರ್ ಹಾಕಿ ತಿರಿಗಿಸಿಬಿಡು," ಅಂದರು ನಮ್ಮವರು. ಅಣ್ಣನಿಗೆ ಅವರು ಎದುರಾಡಿದ್ದು ಅದೊಂದೇ ಸಲ.

"ರಾಡ್ ಬಾಗಿದ್ರ ನಿಮ್ಮಪ್ಪ ಕೊಡ್ತಾನೇನು?" ಭಾವನವರು ಗುಡುಗಿದರು. ಇಬ್ಬರಿಗೂ ಅಪ್ಪ ಒಬ್ಬನೇ ಅನ್ನುವುದು ಆ ಹೊತ್ತಿನಲ್ಲಿ ಅವರಿಗೆ ಮರೆತಿತ್ತು. ನಮ್ಮವರು ಇನ್ನೊಂದು ಟಾಂಗಾ ಹುಡುಕಲು ಓಡಿದರು. ಅವರು ಅತ್ತ ಹೋಗುತ್ತಿದ್ದಂತೆ ಇತ್ತ ಪ್ಲಗ್ ಕಳಚಿ ಬಂತು, ಎಣ್ಣೆ ಬಸಿಯಿತು, ಇಂಜಿನ್ ಗುಡುಗುಡು ಅಂದಿತು.

ಆ ಸವಾರಿಯನ್ನು ಏನೆಂದು ಬರೆಯಲಿ? ಬಗಲಲ್ಲಿ ಚೀಲ, ಬಾಯಲ್ಲಿ ಹೊಗೆ, ಕಾಲ ಪಕ್ಕದಲ್ಲಿ ಕೆಂಡದಂಥ ಸಿಲಿಂಡರು. ಜನ ಅಂಗಡಿಗಳಿಂದ ಇಳಿದು ನೋಡಿದರು, ಎಮ್ಮೆಗಳು ದಿಕ್ಕೆಟ್ಟು ಓಡಿದವು. ಓಡಿತು, ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಓಡಿತು. ನಾವು ಸ್ಟೇಷನ್ ಮುಟ್ಟಿ, ನಾನು ಪ್ಲಾಟ್‌ಫಾರ್ಮಿಗೆ ಓಡಿದಾಗ ರೈಲಿನ ಕೊನೆಯ ಡಬ್ಬಿ ಸಿಗ್ನಲ್ ದಾಟುತ್ತಿತ್ತು.

ತಿರುಗಿ ಬಂದೆ. ಭಾವನವರು ಸ್ಟೇಷನ್ನಿನ ಮುಂದೆ ಹತ್ತು ಹದಿನೈದು ಜನರ ನಡುವೆ ನಿಂತು ಸಿಲಿಂಡರು ತೋರಿಸುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿಸಿ ಅಂದರು: "ಎಷ್ಟ್ ಛಂದ ಓಡ್ತು, ನೋಡಿದ್ಯೇನವಾ!"

ರೈಲು ಸಿಕ್ಕಿತೋ ಇಲ್ಲವೋ ಎಂದು ಕೇಳಲಿಲ್ಲ. ನಾನು ಚೀಲ ಹೊತ್ತು ಮನೆಯವರೆಗೆ ನಡೆದೇ ಬಂದೆ.

ಮರುದಿನದ ರೈಲಿಗೆ ಹೋದೆ. ಬೆಳಿಗ್ಗೆ ಧಾರವಾಡ ಮುಟ್ಟಿದಾಗ ಅವ್ವನನ್ನು ಸಾಗಿಸಿ ಆಗಿತ್ತು. ಹಿಂದಿನ ದಿನ ಮಧ್ಯಾಹ್ನದತನಕ ಎಚ್ಚರವಿದ್ದಳಂತೆ. ಬಾಗಿಲು ಸಪ್ಪಳವಾದಾಗೊಮ್ಮೆ, "ಬಂದಳೇನು?" ಅನ್ನುತ್ತಿದ್ದಳು ಎಂದು ಅಕ್ಕ ಹೇಳಿದಳು. ತಪ್ಪಿದ ಆ ರೈಲಿಗೆ ನಾನು ಹೋಗಿದ್ದರೆ ಅವಳು ಇನ್ನೂ ಎಚ್ಚರವಿದ್ದಾಗಲೇ ಮುಟ್ಟುತ್ತಿದ್ದೆ.

ದಿನಕರ್ಮ ಮುಗಿಸಿ ಬರೋಡಾಕ್ಕೆ ಬಂದವಳು ನಮ್ಮವರಿಗೆ ಒಂದೇ ಮಾತು ಹೇಳಿದೆ: ಈ ಮನೆಯಲ್ಲಿ ಅವರಿರಬೇಕು, ಇಲ್ಲವೆ ನಾನಿರಬೇಕು. ಆ ಮಾತು ಮಾತ್ರ ಹೇಗೋ ಭಾವನವರನ್ನು ಮುಟ್ಟಿತು. ಅಹಮದಾಬಾದಿನ ನವರಂಗಪುರಾದಲ್ಲಿ ಒಂದು ಗ್ಯಾರೇಜಿನ ಹಿಂದೆ ಕೋಣೆ ಗೊತ್ತುಮಾಡಿಕೊಂಡರು. ಫಟಫಟಿಯನ್ನು ಲಾರಿಗೆ ಏರಿಸಿ ಹಗ್ಗ ಬಿಗಿಯುತ್ತಿದ್ದಾಗ ನಾನು ಹೊರಗೆ ಬಂದೆ. ಸೆರಗು ಹೊದ್ದುಕೊಳ್ಳಲಿಲ್ಲ.

"ಭಾವನವರ, ಆವತ್ತು ಟಾಂಗಾ ಯಾಕ ಕಳಿಸಿದ್ರಿ?"

ಎರಡು ವರ್ಷದಲ್ಲಿ ನಾನು ಅವರಿಗೆ ನೇರ ಆಡಿದ ಮೊದಲ ಮಾತು ಅದು. ಅವರ ಕೈಯ ಹಗ್ಗ ಸಡಿಲಾಯಿತು.

"ಈ ಫಟಫಟಿ ಯಾರಿಗೂ ಬೇಕಾಗಿರಲಿಲ್ಲವಾ," ಅಂದರು. "ಎಲ್ಲಾರೂ ನಗ್ತಿದ್ರು. ಆವತ್ತೊಂದ್ ದಿವ್ಸ ಬೇಕಾಗಿತ್ತು."

"ಆವತ್ತು ಬೇಕಾಗಿದ್ದು ಟಾಂಗಾ," ಅಂದೆ.

ಅವರು ತಪ್ಪಾಯಿತು ಅನ್ನುತ್ತಾರೇನೋ ಎಂದು ನಿಂತು ಕಾದೆ. ಲಾರಿಯ ಡ್ರೈವರ್ ಹಾರ್ನ್ ಹೊಡೆದ. ಅವರು ಹತ್ತಿ ಕೂತರು.

ಆಮೇಲೆ ಅವರು ನಮ್ಮ ಮನೆಗೆ ಬರಲಿಲ್ಲ. ನಮ್ಮವರು ಹಬ್ಬಕ್ಕೊಮ್ಮೆ ಹೋಗಿ ನೋಡಿಕೊಂಡು ಬರುತ್ತಿದ್ದರು, ಬಂದು ಏನೂ ಹೇಳುತ್ತಿರಲಿಲ್ಲ. ನಾನೂ ಕೇಳುತ್ತಿರಲಿಲ್ಲ. ಆ ದಶಕ ಮುಗಿಯುವುದರೊಳಗೆ ಒಂದು ಬೆಳಿಗ್ಗೆ ಗ್ಯಾರೇಜಿನವನ ತಂತಿ ಬಂತು. ಅಣ್ಣ ಆಸ್ಪತ್ರೆಯಲ್ಲಿದ್ದಾನೆ, ಉಳಿಯುವ ಹಾಗಿಲ್ಲ. ನಮ್ಮವರು ಹೊಸ್ತಿಲ ಮೇಲೆ ಕುಸಿದು ಕೂತುಬಿಟ್ಟರು.

"ಮಧ್ಯಾಹ್ನದ ರೈಲಿಗೆ ಹೋಗ್ಲೇನು?" ಅಂದರು.

ಹೂಂ ಅನ್ನಬಹುದಿತ್ತು. ಅನ್ನಲಿಲ್ಲ. ಅಂಗಿ ಪಂಚೆ ಚೀಲಕ್ಕೆ ತುರುಕಿದೆ. ಉಟ್ಟ ಸೀರೆಯಲ್ಲೇ ಪೋಳಿನಾಚೆಯ ನಾಕಾದವರೆಗೆ ಓಡಿ ಟಾಂಗಾ ತಂದೆ. ಅವರ ಪಕ್ಕದಲ್ಲೇ ಕೂತು, ಜೋರಾಗಿ ಹೊಡಿ, ಜೋರಾಗಿ ಹೊಡಿ ಎಂದು ದಾರಿಯುದ್ದಕ್ಕೂ ಟಾಂಗಾವಾಲಾನ ಜೀವ ತಿಂದೆ. ಬೆಳಗಿನ ರೈಲು ಆಗಲೇ ಕದಲಿತ್ತು. ಅವರನ್ನು ಬೆನ್ನಿಗೆ ಕೈಕೊಟ್ಟು ಡಬ್ಬಿಯೊಳಗೆ ನೂಕಿದೆ.

ನಮ್ಮವರು ಮೂರು ದಿನ ಬಿಟ್ಟು ತಲೆ ಬೋಳಿಸಿಕೊಂಡು ಬಂದರು. ಹೋದಾಗ ಅಣ್ಣನಿಗೆ ಪೂರ್ತಿ ಎಚ್ಚರವಿತ್ತಂತೆ. ಇಡೀ ಮಧ್ಯಾಹ್ನ ಕೈ ಹಿಡಿದುಕೊಂಡು ಮಾತಾಡಿದರಂತೆ, ಸಂಜೆಗೆ ಜೀವ ಹೋಯಿತಂತೆ.

"ಇಷ್ಟ್ ಲಗೂ ಹೆಂಗ್ ಬಂದಿ ಅಂತ ಕೇಳಿದ," ಅಂದರು ನಮ್ಮವರು. "ನೀನ ಓಡಿಹೋಗಿ ಟಾಂಗಾ ತಂದಿ, ರೈಲಿನ್ಯಾಗ ನೂಕಿದಿ ಅಂತ ಹೇಳಿದೆ."

"ಅದಕ್ಕ ಏನಂದ್ರು?"

"ಗ್ವಾಡಿ ಕಡೆ ಮಾರಿ ತಿರಿಗಿಸಿದ."

ನಾನು ಎದ್ದು ಅವರ ಸ್ನಾನಕ್ಕೆ ನೀರು ಕಾಯಿಸಲು ಹೋದೆ. ಸೂತಕವನ್ನು ನೇಮದಂತೆ ಹಿಡಿದೆ, ಒಂದೂ ಬಿಡಲಿಲ್ಲ. ತಪ್ಪಾಯಿತು ಅನ್ನದಿದ್ದರೂ ಗೋಡೆಯ ಕಡೆ ತಿರುಗಿದ ಆ ಮುಖವೇ ಸಾಕಾಯಿತು ನನಗೆ. ಕ್ಷಮಿಸಲಿಲ್ಲ.